ಮಾತಿನ ಪಾಲು

ಕುಶನ್ ಮೇಸ್ತ್ರಿಗೆ ಲಕ್ವ ಹೊಡೆದು ಬಾಯಿ ಕಟ್ಟಿಹೋದ ಮೇಲೆ ಅವನ ನಾಲಿಗೆಯಿಂದ ಹೊರಟ ಮೊದಲ ಮಾತು "ಅಕ್ಕ". ಆಗ ಅವನ ಹೆಂಡತಿ ಮಂಚದ ಪಕ್ಕ ಕೂತು, ಸದಾ ಮುಷ್ಟಿ ಬಿಗಿದುಕೊಂಡಿರುತ್ತಿದ್ದ ಅವನ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು. ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ತನ್ನ ಅಕ್ಕನ ಕಡೆಗೆ ಅವನು ಕತ್ತು ಹೊರಳಿಸಿದ, ಗಂಟಲು ಸರಿಮಾಡಿಕೊಂಡ, ಅಚ್ಚುಕಟ್ಟಾಗಿ ಹೇಳಿದ.

"ಅಕ್ಕ."

ಹೆಂಡತಿಗೆ ಅತ್ತಿಗೆಯಾಗಬೇಕಾದ ಆ ಅಕ್ಕ ಕೈಚೀಲ ಬಿಟ್ಟು ಹೊಸ್ತಿಲಲ್ಲೇ ಕೂತು ಅತ್ತಳು. ಮಗಳು ಒಳಗಿನಿಂದ ಓಡಿ ಬಂದು ಅಪ್ಪನ ತಲೆ ಸವರಿದಳು. ಹೆಂಡತಿಯೂ ನಕ್ಕಳು. ನಗಬೇಕಿತ್ತು, ನಕ್ಕಳು. ಆಮೇಲೆ ಬಚ್ಚಲಿಗೆ ಹೋಗಿ, ಒಂದು ಹನಿ ನೀರೂ ಉಳಿಯದ ಹಾಗೆ ಆ ಬಟ್ಟೆಯನ್ನು ಹಿಂಡಿದಳು.

ತಿಂಗಳಿಗೂ ಮಿಕ್ಕಿ ಅವನ ಹೊಲಸು ಬಾಚಿದವಳು ಅವಳು. ಬೆನ್ನು ಹುಣ್ಣಾಗದಂತೆ ಆಚೆಗೆ ಈಚೆಗೆ ಹೊರಳಿಸಿದವಳು, ಗಂಜಿ ನೆತ್ತಿಗೇರದಂತೆ ಚಮಚದ ತುದಿಯಲ್ಲಿ ತುಟಿಗೆ ಇಟ್ಟವಳು ಅವಳು. ಅತ್ತಿಗೆ ಬರುತ್ತಿದ್ದದ್ದು ಮಧ್ಯಾಹ್ನ, ಎಲ್ಲ ಕೆಲಸ ಮುಗಿದ ಮೇಲೆ, ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು, ಮೈಗೆ ಪೌಡರ್ ಹಾಕಿಕೊಂಡು. ಒಂದು ತಾಸು ಕೂತು ತಮ್ಮನ ಜೊತೆ ಮಾತಾಡಿ ಟೀ ಕುಡಿದು ಹೋಗುತ್ತಿದ್ದಳು. ಮಾತು ಮಾತ್ರ ಅವಳ ಪಾಲಿಗೆ ಬಂತು.

ಅತ್ತಿಗೆ ಚಿಕ್ಕ ಮಕ್ಕಳ ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತಳಾದವಳು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು, ಪಕ್ಕದ ಬೀದಿಯಲ್ಲಿ ಒಬ್ಬಳೇ ಇದ್ದಳು. ತಾಯಿ ಬೇಗ ಹೋದದ್ದರಿಂದ ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದ್ದು ಅವಳೇ. ಈಗಲೂ ಅವನನ್ನು "ಗುಂಡ" ಎಂದೇ ಕರೆಯುತ್ತಿದ್ದಳು. ಮೇಸ್ತ್ರಿಗೆ ಅರ್ಧ ತಲೆ ಬೆಳ್ಳಗಾಗಿತ್ತು.

ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಸೋಫಾ, ಕುರ್ಚಿ, ಬಸ್ಸಿನ ಸೀಟು, ಏನು ತಂದುಕೊಟ್ಟರೂ ಹಳೇ ಸ್ಪಂಜು ಕಿತ್ತು ಹೊಸದು ತುಂಬಿ ರೆಕ್ಸಿನ್ ಹೊದಿಸಿ ಕೊಡುತ್ತಿದ್ದ. ಸಣ್ಣ ಮೊಳೆಗಳನ್ನು ಬಾಯಲ್ಲಿ ಇಟ್ಟುಕೊಂಡು ತುಟಿಯಂಚಿಗೆ ಒಂದೊಂದೇ ತಂದು ಬಡಿಯುವುದು ಅವನ ಅಭ್ಯಾಸ. ಕವರು, ಅದರ ಅಂಚಿಗೆ ಪೈಪಿಂಗಿನ ಪಟ್ಟಿ ಹೊಲಿಯುವುದು ಹೆಂಡತಿಯ ಕೆಲಸ. ಲಕ್ವ ಹೊಡೆದ ದಿನ ಬೆಳಿಗ್ಗೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ ಕುರ್ಚಿ ಕೊಡಬೇಕಿತ್ತು. ಅವನ ಬಾಯಿಂದ ಮೊಳೆಗಳು ಪುಳಪುಳ ಉದುರಿದವು. "ತಲೆ ಒಂಥರಾ ಆಗ್ತಿದೆ, ಕೈಯೂ ಜೋಮು" ಎಂದ. "ಸ್ವಲ್ಪ ಮಲಗಿ, ಎದ್ದರೆ ಸರಿಹೋಗತ್ತೆ" ಎಂದು ಹೇಳಿ ಅವಳು ಮಿಷನ್ ತುಳಿದಳು. ಊಟಕ್ಕೆ ಎಬ್ಬಿಸಲು ಹೋದಾಗ ಬಾಯಿ ಒಂದು ಕಡೆಗೆ ವಾಲಿತ್ತು. ಬಲಗೈ, ಬಲಗಾಲು ತನ್ನದಲ್ಲವೆಂಬಂತೆ ಬಿದ್ದಿದ್ದವು.

ದೊಡ್ಡಾಸ್ಪತ್ರೆಯ ಡಾಕ್ಟರು ಸ್ಕ್ಯಾನಿನ ಚಿತ್ರವನ್ನು ಬೆಳಕಿಗೆ ಹಿಡಿದು ತೋರಿಸಿದರು. "ಮೆದುಳಿಗೆ ಹೋಗುವ ರಕ್ತನಾಳ ಕಟ್ಟಿಕೊಂಡಿದೆ. ಶುರುವಾದ ಮೂರ್ನಾಲ್ಕು ಗಂಟೆಯೊಳಗೆ ತಂದಿದ್ದರೆ ಕರಗಿಸುವ ಇಂಜೆಕ್ಷನ್ ಕೊಡಬಹುದಿತ್ತು. ಈಗ ಹೊತ್ತು ಮೀರಿದೆ." ಬಿ.ಪಿ. ಎಷ್ಟು ವರ್ಷದಿಂದ, ಮಾತ್ರೆ ತಗೋತಿದ್ದರಾ, ಸಿಗರೇಟು ಇದೆಯಾ, ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಾಗಿತ್ತಾ ಎಂದು ಕೇಳಿದರು. ಬಿ.ಪಿ. ಇತ್ತು. ತಲೆ ನೋವು ಬಂದರೆ ಮಾತ್ರೆ, ಇಲ್ಲದಿದ್ದರೆ ಇಲ್ಲ. ಸಿಗರೇಟು ದಿನಾ. ಅಪ್ಪನೂ ಹೀಗೇ ಹೋದದ್ದು.

"ಹಾಗಾದರೆ ಒಡಹುಟ್ಟಿದವರೂ ಒಮ್ಮೆ ಬಿ.ಪಿ. ನೋಡಿಸಿಕೊಳ್ಳಲಿ" ಎಂದರು ಡಾಕ್ಟರು.

"ನನಗೇನು ಧಾಡಿ? ಗುಂಡುಕಲ್ಲಿನ ಹಾಗಿದ್ದೀನಿ" ಎಂದಳು ಅತ್ತಿಗೆ. ಆಮೇಲೆ ಹೊರಗಿನ ಬೆಂಚಿನ ಮೇಲೆ ಕೂತು, ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದಳು. "ಆ ಪಾಟಿ ಉಪ್ಪು ಹಾಕಿ ಬಡಿಸಿದರೆ ಇನ್ನೇನಾಗತ್ತೆ?"

ಅಲ್ಲಿಂದ ಆ ಮನೆಯಲ್ಲಿ ಉಪ್ಪೇ ಒಂದು ವ್ಯಾಜ್ಯವಾಯಿತು. ಅತ್ತಿಗೆ ಬಂದವಳೇ ಅಡುಗೆಮನೆಗೆ ನುಗ್ಗಿ ಪಾತ್ರೆಯ ಮುಚ್ಚಳ ತೆಗೆದು ರುಚಿ ನೋಡುತ್ತಿದ್ದಳು. "ಇದು ಅವನಿಗೆ ಅಂತ ಮಾಡಿದ್ದಾ?"

"ಹೌದು."

"ಉಪ್ಪು ಜಾಸ್ತಿ ಆಯ್ತು."

"ಉಪ್ಪೇ ಹಾಕಿಲ್ಲ ಅತ್ತಿಗೆ."

"ಹಾಗಾದರೆ ನಾಲಿಗೆಗೆ ಯಾಕೆ ಹತ್ತತ್ತೆ?"

"ಅದು ನಿಮ್ಮ ನಾಲಿಗೆಯ ಗುಣ."

ಮಗಳು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅಪ್ಪನ ಮಾತ್ರೆಗಳನ್ನು ಬೆಳಿಗ್ಗೆಗೆ ಬೇರೆ, ಸಂಜೆಗೆ ಬೇರೆ ಡಬ್ಬಿಗೆ ತುಂಬಿಟ್ಟು ಹೋಗುತ್ತಿದ್ದಳು. ಈ ಇಬ್ಬರ ನಡುವೆ ತಲೆ ಹಾಕಿದರೆ ತನ್ನ ತಲೆಯೇ ಒಡೆಯುತ್ತದೆಂದು ಅವಳಿಗೆ ಗೊತ್ತಿತ್ತು. ಆದರೂ ಒಂದು ಸಂಜೆ ಅಮ್ಮನನ್ನು ಕೇಳಿದಳು.

"ಅತ್ತೆ ಬಂದಾಗ ಅಪ್ಪನ ಮುಖ ಅರಳತ್ತೆ. ಅಷ್ಟು ಸಾಲದಾ ನಿನಗೆ?"

"ನಾನೇನಂದೆ?"

"ಅನ್ನಬೇಕಾ? ಟೀ ಲೋಟ ಕುಕ್ಕಿದ್ದು ಬೀದಿಗೆ ಕೇಳಿಸ್ತು."

ಮೇಸ್ತ್ರಿಗೆ ಆಗ ಇದ್ದದ್ದು ಅದೊಂದೇ ಮಾತು. ನೀರು ಬೇಕಾದರೂ "ಅಕ್ಕ", ಕಾಲು ನೋವಾದರೂ "ಅಕ್ಕ". ಹೆಂಡತಿ ಚಮಚ ಹಿಡಿದು ಎದುರಿಗೆ ಕೂತಿದ್ದಾಗಲೂ "ಅಕ್ಕ" ಎಂದು ಬಾಯಿ ತೆರೆಯುತ್ತಿದ್ದ. ಒಮ್ಮೆ ಅವಳು ಚಮಚವನ್ನು ಬಟ್ಟಲಿಗೆ ಇಳಿಸಿ, "ನಾನು ನಿಮ್ಮ ಅಕ್ಕ ಅಲ್ಲ" ಎಂದಳು. ಅವನು ಬೆಪ್ಪಾಗಿ ನೋಡಿದ. ತಾನು ಹೇಳಲು ಹೊರಟದ್ದು ಬೇರೆ, ಬಾಯಿಂದ ಬಂದದ್ದು ಬೇರೆ ಎಂದು ಅವನಿಗೆ ಗೊತ್ತಾಗುತ್ತಿತ್ತೇನೋ. ಕಣ್ಣಲ್ಲಿ ನೀರು ಬಂತು. ಅವಳು ಒರೆಸಿದಳು. ಆದರೆ ಒಳಗಿನ ಉರಿ ಆರಲಿಲ್ಲ.

ಅತ್ತಿಗೆ ಅಷ್ಟಕ್ಕೇ ನಿಲ್ಲಿಸಲಿಲ್ಲ. ಶಾಲೆಯ ಪಾಠ ಶುರುಮಾಡಿದಳು. "ಒಂದು" ಎಂದರೆ ತಮ್ಮ "ಎರಡು" ಎನ್ನುತ್ತಿದ್ದ, "ಮೂರು" ಎಂದರೆ "ನಾಲ್ಕು". ಹೀಗೆ ಹತ್ತರವರೆಗೆ ಹೋಗಿ ಇಬ್ಬರೂ ಗೆದ್ದವರ ಹಾಗೆ ನಗುತ್ತಿದ್ದರು. ಚಿಕ್ಕಂದಿನಲ್ಲಿ ಅವಳೇ ಕಲಿಸಿದ್ದ ಪದ್ಯದ ಮೊದಲ ಸಾಲು ಅವಳು ಹೇಳಿದರೆ ಎರಡನೆಯದನ್ನು ಅವನು ತಡವರಿಸದೆ ಹೇಳಿ ಮುಗಿಸುತ್ತಿದ್ದ. ಅಂಗಡಿಗೆ ಬಂದವರು ಕಿಟಕಿಯಲ್ಲಿ ಇಣುಕಿ, "ಟೀಚರಮ್ಮ ಇದ್ದದ್ದಕ್ಕೆ ಮೇಸ್ತ್ರಿಗೆ ಮಾತು ಬಂತು" ಎನ್ನುತ್ತಿದ್ದರು.

ಬೆಳಿಗ್ಗೆ ಯಾರೂ ಇಲ್ಲದಾಗ ಹೆಂಡತಿ ಬಾಗಿಲು ಮುಂದೆ ಮಾಡಿ ಅವನ ಮುಂದೆ ಕೂತಳು. "ಒಂದು" ಎಂದಳು. ಅವನು ಗೋಡೆ ನೋಡಿದ. "ಹೇಳ್ರೀ. ಒಂದು." ಅವನು ಕಣ್ಣು ಮುಚ್ಚಿಕೊಂಡ.

ಆಸ್ಪತ್ರೆಯಲ್ಲಿ ಮಾತು ಕಲಿಸುವ ಹುಡುಗಿಯೊಬ್ಬಳಿದ್ದಳು, ವಾರಕ್ಕೊಮ್ಮೆ ಅವನನ್ನು ಅವಳ ಹತ್ತಿರ ಕರೆದೊಯ್ಯಬೇಕಿತ್ತು. ಹೆಂಡತಿ ಅವಳ ಹತ್ತಿರ ಹೊಟ್ಟೆಯಲ್ಲಿದ್ದದ್ದನ್ನು ಬಿಚ್ಚಿದಳು.

"ಅವರ ಅಕ್ಕನ ಹತ್ತಿರ ಪದ್ಯಾನೇ ಹೇಳ್ತಾರೆ. ನನ್ನ ಹತ್ತಿರ ಒಂದು ಅನ್ನಲ್ಲ."

"ಎಣಿಸೋದು, ಪದ್ಯ ಹೇಳೋದು ಎಲ್ಲ ಬಾಯಿಪಾಠ ಆಂಟಿ. ಚಿಕ್ಕಂದಿನದು ತಾನಾಗಿ ಉರುಳಿಕೊಂಡು ಬರತ್ತೆ. ಅದು ಒಳ್ಳೇದೇ. ಆದರೆ ತಾನು ಅಂದುಕೊಂಡದ್ದಕ್ಕೆ ಮಾತು ಹುಡುಕಿ ಜೋಡಿಸಿ ಹೇಳ್ತಾರಲ್ಲ, ಅದು ಕಷ್ಟ. ಅದು ಬಂದಾಗ ನಿಜವಾದ ಮಾತು ಬಂತು ಅಂತ ಲೆಕ್ಕ."

"ಅದೂ ಅವರ ಅಕ್ಕನ ಹತ್ತಿರವೇ ಬರತ್ತೆ ಬಿಡು" ಎಂದಳು ಇವಳು.

ಮರುದಿನ ಅವಳು ಒಂದು ಸುಳ್ಳು ಹೇಳಿದಳು. ಮಧ್ಯಾಹ್ನ ಬಂದ ಅತ್ತಿಗೆಯನ್ನು ಬಾಗಿಲಲ್ಲೇ ತಡೆದು, "ತುಂಬಾ ಮಾತಾಡಿಸಿದರೆ ಮೆದುಳಿಗೆ ಆಯಾಸ ಆಗತ್ತಂತೆ. ಕೆಲವು ದಿನ ಯಾರೂ ಬರೋದು ಬೇಡ ಅಂದಿದ್ದಾರೆ" ಎಂದಳು.

"ಯಾರು ಅಂದದ್ದು?"

"ಆಸ್ಪತ್ರೆಯವರು."

ಅತ್ತಿಗೆ ಅವಳ ಮುಖವನ್ನು ಒಂದು ಗಳಿಗೆ ನೋಡಿದಳು. "ಯಾರೂ ಅಂದರೆ ನಾನೂನಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಚಪ್ಪಲಿ ಮೆಟ್ಟಿಕೊಂಡು ಹೋದಳು.

ಆ ವಾರ ಮೇಸ್ತ್ರಿ ಬಾಗಿಲನ್ನೇ ನೋಡುತ್ತಾ ಕೂತ. ಗಂಜಿ ಅರ್ಧಕ್ಕೇ ಸಾಕು ಮಾಡಿದ. ಹೆಂಡತಿಗೆ ಅವನ ಜೊತೆ ಒಬ್ಬಳೇ ಇರುವ ಮಧ್ಯಾಹ್ನಗಳು ಸಿಕ್ಕವು, ಆದರೆ ಆ ಮಧ್ಯಾಹ್ನಗಳಲ್ಲಿ ಅವನೇ ಇರಲಿಲ್ಲ. ಮಗಳಿಗೆ ಅತ್ತೆ ಬೀದಿಯಲ್ಲಿ ಸಿಕ್ಕಿ ವಿಷಯ ಗೊತ್ತಾಯಿತು. ಮನೆಗೆ ಬಂದವಳು ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ಅಮ್ಮ, ಯಾವ ಡಾಕ್ಟರು ಹೇಳಿದ್ದು?"

ತಾಯಿ ಆ ತಟ್ಟೆಯನ್ನು ಮತ್ತೆ ಅವಳ ಮುಂದಕ್ಕೆ ತಳ್ಳಿದಳು.

"ನಿನಗೆ ಹೊಟ್ಟೆಕಿಚ್ಚು. ಕಾಯಿಲೆ ಬಿದ್ದಿರೋ ಮನುಷ್ಯನ ಮೇಲೂ ಹೊಟ್ಟೆಕಿಚ್ಚು."

"ಅವರ ಮೇಲಲ್ಲ."

"ಯಾರ ಮೇಲಾದರೇನು, ಹಸಿದಿರೋದು ಅಪ್ಪ. ಭಾನುವಾರ ಅತ್ತೇನ ಊಟಕ್ಕೆ ಕರೆದಿದ್ದೀನಿ. ನೀನು ನೆಟ್ಟಗೆ ಬಡಿಸಬೇಕು, ಅಷ್ಟೆ."

ಭಾನುವಾರ ಅತ್ತಿಗೆ ಬಂದಳು. ಮುಖ ಬಾಡಿತ್ತು. ಎರಡು ಮೂರು ದಿನದಿಂದ ತಲೆನೋವು ಎಂದಳು. ಕೇಳದವರಿಗೂ ಅರ್ಥವಾಗುವ ಹಾಗೆ, "ಮನಸ್ಸಿಗೆ ಆದದ್ದು ತಲೆಗೆ ಹತ್ತತ್ತೆ" ಎಂದೂ ಸೇರಿಸಿದಳು. ತಮ್ಮನನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಿದ್ದರು. ಅನ್ನ, ಬೇಯಿಸಿದ ತರಕಾರಿ, ಮೊಟ್ಟೆ. ಅತ್ತಿಗೆ ಒಂದು ತುತ್ತು ತಿಂದು ಮಾಮೂಲಿನಂತೆ ಉಪ್ಪಿನ ವಿಷಯ ಎತ್ತಿದಳು. ಆದರೆ "ಉಪ್ಪು" ಎನ್ನುವುದು "ಉಬ್ಬು" ಎಂದಾಗಿ, ಮುಂದಿನ ಮಾತು ಕಲಸಿಹೋಯಿತು. ಎಡಗೈಯಲ್ಲಿದ್ದ ನೀರಿನ ಲೋಟ ಜಾರಿ ಮಡಿಲಿಗೆ ಬಿತ್ತು.

ನಾಟಕ ಎಂದುಕೊಂಡಳು ಮೇಸ್ತ್ರಿಯ ಹೆಂಡತಿ. ಒಂದು ವಾರ ದೂರ ಇಟ್ಟದ್ದಕ್ಕೆ ಈ ನಾಟಕ. ತಲೆ ಎತ್ತಿ ನೋಡಿದಳು. ಅತ್ತಿಗೆಯ ತುಟಿಯ ಎಡಗಡೆ ಕೆಳಗೆ ಇಳಿದಿತ್ತು. ಆಸ್ಪತ್ರೆಯಲ್ಲಿ ಡಾಕ್ಟರು ಗಂಡನಿಗೆ ಕೈ ಎತ್ತಿಸಿ ನೋಡಿದ್ದು ನೆನಪಾಯಿತು.

"ಅತ್ತಿಗೆ, ಎರಡೂ ಕೈ ಮುಂದೆ ಎತ್ತಿ."

"ಏನಿಲ್ಲ. ಜೋಮು. ಸ್ವಲ್ಪ ಮಲಗ್ತೀನಿ."

"ಮಲಗಬೇಡಿ. ಕೈ ಎತ್ತಿ."

ಬಲಗೈ ನಿಂತಿತು. ಎಡಗೈ ಮೆಲ್ಲಗೆ ತಟ್ಟೆಯೊಳಕ್ಕೆ ಇಳಿಯಿತು. ಮೇಸ್ತ್ರಿ ಕುರ್ಚಿಯಲ್ಲಿ ಕೂತಲ್ಲೇ "ಅಕ್ಕ, ಅಕ್ಕ" ಎಂದು ಕೊಸರಾಡಿದ. ಹೆಂಡತಿ ಎಂಜಲು ಕೈಯಲ್ಲೇ ಪಕ್ಕದ ಮನೆಯ ಟ್ಯಾಕ್ಸಿ ಡ್ರೈವರನ ಬಾಗಿಲು ಬಡಿದಳು. "ನೀನು ಅಪ್ಪನ ಹತ್ತಿರ ಇರು" ಎಂದು ಮಗಳಿಗೆ ಹೇಳಿ, ಅತ್ತಿಗೆಯನ್ನು ತೋಳಿಗೆ ಆನಿಸಿಕೊಂಡು ಕಾರಿಗೆ ಹತ್ತಿಸಿದಳು. ದಾರಿಯುದ್ದಕ್ಕೂ ಅತ್ತಿಗೆ, ಮಲಗಿದರೆ ಸರಿಹೋಗುತ್ತಿತ್ತು ಎಂದು ತೊದಲುತ್ತಲೇ ಇದ್ದಳು. ಇವಳು ಅವಳ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿ, "ಸುಮ್ಮನಿರಿ" ಎಂದಳು. ಮದುವೆಯಾಗಿ ಬಂದ ಮೇಲೆ ಅತ್ತಿಗೆಗೆ ಹಾಗೆ ಹೇಳಿದ್ದು ಅದೇ ಮೊದಲು.

ಅದೇ ಆಸ್ಪತ್ರೆ, ಅದೇ ಡಾಕ್ಟರು. ಯಾವಾಗ ಶುರುವಾಯಿತು ಎಂದು ಕೇಳಿದರು. "ನನ್ನ ಕಣ್ಣೆದುರಿಗೆ, ಊಟಕ್ಕೆ ಕೂತಾಗ, ಈಗಷ್ಟೆ" ಎಂದಳು. ಸ್ಕ್ಯಾನ್ ಮಾಡಿದರು, ಇಂಜೆಕ್ಷನ್ ಕೊಟ್ಟರು. ಸಂಜೆ ಗಾಜಿನ ಬಾಗಿಲಾಚೆಯಿಂದ ನೋಡಿದರೆ ಅತ್ತಿಗೆಯ ಎಡಗೈ ಹಾಸಿಗೆಯಿಂದ ಎದ್ದು, ಹಣೆಯ ಮೇಲಿನ ಕೂದಲನ್ನು ಹಿಂದಕ್ಕೆ ಸರಿಸಿತು.

"ಎಲ್ಲರಿಗೂ ಹೀಗೆ ಕೈಗೂಡಲ್ಲ" ಎಂದರು ಡಾಕ್ಟರು. "ಬಿ.ಪಿ. ಸಿಕ್ಕಾಪಟ್ಟೆ ಇತ್ತು, ಅವರಿಗೆ ಗೊತ್ತೇ ಇರಲಿಲ್ಲ. ನೀವು ಸರಿಯಾದ ಹೊತ್ತಿಗೆ ಕರೆತಂದಿರಿ. ನಿಮ್ಮಿಂದ ಉಳಿದರು."

ಆ ಹೊಗಳಿಕೆ ಅವಳಿಗೆ ಚುಚ್ಚಿತು. ಹಲ್ಲಿನ ಡಾಕ್ಟರ ಕುರ್ಚಿಗಳು ಕಣ್ಣ ಮುಂದೆ ಬಂದವು. ತನ್ನ ಗಂಡನಿಗೆ ಮಲಗಿ ಎಂದವಳು, ಅವರ ಅಕ್ಕನಿಗೆ ಮಲಗಬೇಡಿ ಎಂದಳು. ಒಳ್ಳೆಯದು ಆಗಬೇಕಾದದ್ದು ಅಲ್ಲಿ, ಆದದ್ದು ಇಲ್ಲಿ. ಉಳಿಸಿದ್ದು ತಾನೇ ಆದರೂ, ಆ ಎದ್ದ ಕೈಯನ್ನು ಸಹಿಸಲಾರದೆ ಗಾಜಿನ ಬಾಗಿಲಿಗೆ ಬೆನ್ನು ಮಾಡಿದಳು. ಮಗಳಿಗೆ ಫೋನ್ ಮಾಡಿ, "ಅತ್ತೆ ಹುಷಾರಾದರು" ಎಂದಷ್ಟೇ ಹೇಳಿ ಇಟ್ಟಳು.

ಹತ್ತು ಹನ್ನೆರಡು ದಿನಕ್ಕೆ ಅತ್ತಿಗೆ ನಡೆದುಕೊಂಡೇ ಬಂದಳು. ಕೈಯಲ್ಲಿ ಮಾತ್ರೆ ಡಬ್ಬಿ, ಬಾಯಲ್ಲಿ ಅವೇ ಮಾತುಗಳು. ಅಂಗಡಿಯ ಬಾಗಿಲಲ್ಲಿ ನಿಂತು ಅಕ್ಕಪಕ್ಕದವರಿಗೆ ವರದಿ ಒಪ್ಪಿಸಿದಳು. "ನನ್ನ ಮೈ ಗಟ್ಟಿ ನೋಡಿ. ಡಾಕ್ಟರೇ ಆಶ್ಚರ್ಯಪಟ್ಟರು." ಕರೆದೊಯ್ದವಳ ಹೆಸರು ಆ ವರದಿಯಲ್ಲಿ ಬರಲಿಲ್ಲ. ಆಮೇಲೆ ಒಳಗೆ ಬಂದು ತಮ್ಮನ ಎದುರು ಕೂತು, "ಹೂಂ ಗುಂಡ, ಶುರು ಮಾಡೋಣ. ಒಂದು" ಎಂದಳು.

ಮೇಸ್ತ್ರಿ ಅವಳ ಎಡಗೈಯನ್ನು ನೋಡಿದ. ಅದು ಅವಳ ಮಾತಿನ ಜೊತೆ ಗಾಳಿಯಲ್ಲಿ ಹಾರಾಡುತ್ತಿತ್ತು. ಆಮೇಲೆ ತನ್ನ ಮಡಿಲಲ್ಲಿ ಬಿದ್ದಿದ್ದ ಬಲಗೈಯನ್ನು ನೋಡಿದ.

"ಒಂದು ಅಂದೆ ಕಣೋ."

ಅವನು ಬಾಯಿ ಬಿಗಿದುಕೊಂಡ. ಪದ್ಯಕ್ಕೂ ಇಲ್ಲ. ಅತ್ತಿಗೆ ಗಲ್ಲ ಮುಟ್ಟಲು ಬಂದಾಗ ಮುಖವನ್ನು ಆಚೆಗೆ ತಿರುಗಿಸಿದ. "ಏನು ಮಾಡಿದ್ದೀಯ ಇವನಿಗೆ?" ಎಂದು ಅತ್ತಿಗೆ ಹಲ್ಲು ಕಡಿದಳು. ಹೆಂಡತಿ, "ನಾನೇನು ಮಾಡಲಿ, ಆಯಾಸ ಇರಬೇಕು" ಎಂದಳು. ಈ ಸಲ ಅದು ಸುಳ್ಳಲ್ಲದಿದ್ದರೂ ಸುಳ್ಳಿನ ಹಾಗೇ ಕೇಳಿಸಿತು. ಅತ್ತಿಗೆ ಟೀ ಕುಡಿಯದೆ ಹೋದಳು.

ಹೆಂಡತಿಗೆ ಒಳಗೊಳಗೇ ಖುಷಿಯಾಗಬೇಕಿತ್ತು. ಸ್ವಲ್ಪ ಆಯಿತು ಕೂಡಾ. ಗಂಡನ ಲೋಟ ತೆಗೆಯಲು ಬಗ್ಗಿದಾಗ ಅವನು ಎಡಗೈಯಿಂದ ಅವಳ ಮುಂಗೈ ಹಿಡಿದ. ಒಂದೊಂದು ಮಾತನ್ನೂ ಕೆಸರಿನಿಂದ ಕಾಲು ಕೀಳುವ ಹಾಗೆ ಕಿತ್ತು ತೆಗೆದ.

"ಅವಳಿಗೆ... ಗಾಡಿ." ಉಸಿರು ಎಳೆದುಕೊಂಡ. "ನನಗೆ... ಮಲಗಿ... ಅಂದೆ."

ಅವಳು ಲೋಟ ಹಿಡಿದುಕೊಂಡೇ ನಿಂತಳು. ಇಷ್ಟು ದಿನ ಕಾದ ಮಾತು. ಯಾರೂ ಬಾಯಿಪಾಠ ಮಾಡಿಸಿದ್ದಲ್ಲ, ಅವನೇ ಹುಡುಕಿ ಜೋಡಿಸಿದ್ದು. ಅವಳಿಗೇ ಹೇಳಿದ್ದು. ಬಾಗಿಲು ದಾಟಿ ಹೋಗಬಹುದಿತ್ತು, ಹೋಗಲಿಲ್ಲ. ಎದುರಿಗಿದ್ದ ಅತ್ತಿಗೆಯ ಕುರ್ಚಿಯಲ್ಲಿ ಕೂತಳು.

"ಹೌದು. ಅಂದೆ. ನನಗೆ ಗೊತ್ತಿರಲಿಲ್ಲ ಅದು ಏನು ಅಂತ. ಕುರ್ಚಿ ಕೊಡಬೇಕಿತ್ತು, ನನ್ನ ಕಣ್ಣು ಹೊಲಿಗೆ ಮೇಲಿತ್ತು."

"ಕುರ್ಚಿ" ಎಂದ ಅವನು. ಹಂಗಿಸುವ ದನಿ.

"ಹೂಂ, ಕುರ್ಚಿ. ಮಾತ್ರೆ ತಗೊಳ್ಳಿ ತಗೊಳ್ಳಿ ಅಂತ ಎಷ್ಟು ಸಲ ಹೇಳಿದೀನಿ? ಕೇಳಿದಿರಾ? ಮಾತ್ರೆ ಬಿಟ್ಟದ್ದು ಯಾರು?"

ಅವನು ಬಾಯಿ ತೆರೆದ. ಬರಲಿಲ್ಲ. ಮತ್ತೆ ತೆರೆದ.

"ನಾನು."

"ಸಿಗರೇಟು ಸೇದಿದ್ದು ಯಾರು? ನಿಮ್ಮಕ್ಕನಾ?"

"ನಾನು." ಮಂಚದ ಚೌಕಟ್ಟನ್ನು ಎಡಗೈಯಿಂದ ಗುದ್ದಿದ. "ನೀನು... ಮಲಗಿ."

"ಇಬ್ಬರದ್ದೂ ತಪ್ಪು ಅಂತಿಟ್ಟುಕೊಳ್ಳಿ. ಏನು ಮಾಡೋಣ ಈಗ? ಹೇಳಿ. ದಿನಾ ನಿಮ್ಮ ಹೊಲಸು ತೆಗೆದು ನಾನೂ ಸತ್ತುಹೋಗಿದ್ದೀನಿ. ಬಾಯಿ ಬಿಟ್ಟರೆ ಅಕ್ಕ, ಅಕ್ಕ. ಆ ನಿಮ್ಮಕ್ಕ ಈಗ ಕೈ ಬೀಸಿಕೊಂಡು ಬಂದಳು, ನಿಮಗೆ ಸಹಿಸೋಕಾಗಲಿಲ್ಲ, ಅಲ್ವಾ? ನನಗೂ ಸಹಿಸೋಕಾಗಲಿಲ್ಲ. ತಿಳೀತಾ? ನಾನೇ ಕರಕೊಂಡು ಹೋದವಳು, ನನಗೂ ಸಹಿಸೋಕಾಗಲಿಲ್ಲ."

ಅವನು ಅವಳನ್ನೇ ನೋಡಿದ. ಮುಖದ ಎಡ ಅರ್ಧ ಮೊದಲು ನಕ್ಕಿತು, ಬಲ ಅರ್ಧ ಅದರ ಹಿಂದೆ ಕುಂಟುತ್ತಾ ಬಂತು. "ಹೊಟ್ಟೆ..." ಎಂದು ಎಡಗೈಯಿಂದ ತನ್ನ ಹೊಟ್ಟೆ ತೋರಿಸಿ, ಆಮೇಲೆ ಅವಳದನ್ನು ತೋರಿಸಿದ. "ಉರಿ."

"ಉರಿಯದೆ ಏನು" ಎಂದಳು ಅವಳು. ಆಗ ಅಳು ಬಂತು. ಅವನಿಗೂ ಬಂತು. ಕೆಲಸದಿಂದ ಬಂದ ಮಗಳು ಜಗಳದ ಸದ್ದಿಗೆ ಬೀದಿಯಲ್ಲೇ ನಿಂತವಳು, ಒಳಗೆ ಬಂದು ಇಬ್ಬರೂ ಮೂಗು ಒರೆಸಿಕೊಳ್ಳುವುದನ್ನು ನೋಡಿ, ಏನೂ ಕೇಳದೆ ಅನ್ನಕ್ಕೆ ಇಟ್ಟಳು.

ಆಮೇಲೆ ಅವರ ಮನೆಯಲ್ಲಿ ಜಗಳ ದಿನದ ಊಟದಂತಾಯಿತು. ಗಂಜಿ ಬಿಸಿ, ನೀರು ತಣ್ಣಗೆ, ದಿಂಬು ಎತ್ತರ, ಎಲ್ಲದಕ್ಕೂ ಅವನಿಗೆ ತಕರಾರಿತ್ತು. ಒಂದು ಮಾತು, ಎರಡು ಮಾತು, ಒಮ್ಮೊಮ್ಮೆ ಮೂರು. ಅವಳು ಮಾತಿಗೆ ಮಾತು ಕೊಡುತ್ತಿದ್ದಳು. ಮಾತು ಕಲಿಸುವ ಹುಡುಗಿ ಕೇಳಿಸಿಕೊಂಡು, "ಇದೇ ಬೇಕಾದದ್ದು, ನಿಲ್ಲಿಸಬೇಡಿ" ಎಂದಳು. ಬಲಗೈ ಮಾತ್ರ ಹಾಗೇ ಉಳಿಯಿತು. ಅದು ಇನ್ನು ಅಷ್ಟೇ ಎಂದು ಡಾಕ್ಟರು ಹೇಳಿದ್ದರು. ಕೋಲೂರಿ ಅಂಗಡಿಯವರೆಗೆ ಬಂದು, ಅವಳು ರೆಕ್ಸಿನ್ ಎಳೆಯುವಾಗ ಎಡಗೈಯಿಂದ ಒತ್ತಿಹಿಡಿಯುವಷ್ಟಾದ. ಮೊಳೆ ಹೊಡೆಯುವ ಕೆಲಸವನ್ನೂ ಅವಳೇ ಕಲಿತಳು.

ಮುನಿಸು ಇಳಿದ ಮೇಲೆ ಅತ್ತಿಗೆ ಮತ್ತೆ ಬರತೊಡಗಿದಳು. ಮೇಸ್ತ್ರಿಯೂ ಮುಖ ತಿರುಗಿಸುವುದನ್ನು ಬಿಟ್ಟಿದ್ದ. ಒಂದು ಎಂದರೆ ಎರಡು ಎನ್ನುತ್ತಿದ್ದ, ಪದ್ಯ ಹೇಳುತ್ತಿದ್ದ. ಒಂದು ಮಧ್ಯಾಹ್ನ ಗಂಡಹೆಂಡಿರು ಸೋಫಾದ ಪೈಪಿಂಗಿನ ಬಣ್ಣಕ್ಕೆ ಕಿತ್ತಾಡುವುದನ್ನು ಅತ್ತಿಗೆ ಸ್ಪಂಜಿನ ರಾಶಿಯ ಪಕ್ಕ ಕೂತು ಬಹಳ ಹೊತ್ತು ನೋಡಿದಳು.

"ನನ್ನ ಹತ್ತಿರ ಹೀಗೆ ಒಂದು ಮಾತೂ ಆಡಲ್ಲ ಇವನು" ಎಂದಳು ಕೊನೆಗೆ. "ಮೂರು ಅಂದರೆ ನಾಲ್ಕು ಅಂತಾನೆ, ಅಷ್ಟೆ."

ಹೆಂಡತಿ ದಾರವನ್ನು ಹಲ್ಲಿನಿಂದ ಕಚ್ಚಿ ಕತ್ತರಿಸಿದಳು. "ನೀವೂ ಜಗಳ ಆಡಿ ನೋಡಿ ಅತ್ತಿಗೆ" ಎಂದಳು.

ಅತ್ತಿಗೆ ಸರಿಯಾಗಿ ಕೂತು, ಶಾಲೆಯ ದನಿ ತೆಗೆದಳು. "ಏನೋ ಗುಂಡ, ಹೀಗೆ ಬೆನ್ನು ಬಗ್ಗಿಸಿ ಕೂರ್ತಾರಾ?"

ಮೇಸ್ತ್ರಿ ತಟ್ಟನೆ ಬೆನ್ನು ನೆಟ್ಟಗೆ ಮಾಡಿದ. "ಆಯ್ತು... ಅಕ್ಕ" ಎಂದು ನಕ್ಕ.

ಅತ್ತಿಗೆಯ ಮುಖ ಇಳಿಯಿತು. ಕೈಚೀಲದ ದಾರವನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಾ ಕೂತಳು. ಮೇಸ್ತ್ರಿಯ ಹೆಂಡತಿ ಮಿಷನ್ನಿನ ಮೇಲೆ ಬಗ್ಗಿದಳು. ತುಟಿಯಂಚಿನಲ್ಲಿ ಮೂಡಿದ್ದ ನಗು ಯಾರಿಗೂ ಕಾಣುವುದು ಬೇಡವಾಗಿತ್ತು. ಎರಡು ಗೇಣು ಹೊಲಿಗೆ ಓಡುವಷ್ಟರಲ್ಲಿ ಗಂಡ ಕೋಲಿನಿಂದ ಮಿಷನ್ನಿನ ಕಾಲಿಗೆ ತಟ್ಟಿದ.

"ಹೊಲಿಗೆ... ಸೊಟ್ಟ."

"ಸೊಟ್ಟ ಇರೋದು ನಿಮ್ಮ ಕಣ್ಣು" ಎಂದು ಅವಳು ಇನ್ನೂ ಜೋರಾಗಿ ತುಳಿದಳು. ಹೊಲಿಗೆ ನಿಜಕ್ಕೂ ಸೊಟ್ಟಗಿತ್ತು.